ಮಾರಿದ ಮೇಲಿನ ದುಃಖ: ಪರಿಗ್ರಹ ಪರಿಮಾಣದ ಒಂದು ಮರೆತ ಅತಿಚಾರ

ಶ್ರಾವಕನ ಪಂಚಾಣುವ್ರತಗಳಲ್ಲಿ ಪರಿಗ್ರಹ ಪರಿಮಾಣವು ಕೊನೆಯದು. ಕೊನೆಯಲ್ಲಿರುವುದರಿಂದಲೋ ಏನೋ, ಪ್ರವಚನಗಳಲ್ಲಿ ಅದಕ್ಕೆ ಉಳಿಯುವ ಸಮಯವೂ ಅತ್ಯಲ್ಪ. ಅಹಿಂಸೆಯ ವಿಷಯ ಬಂದಾಗ ನಾವು ಬಹಳ ಸೂಕ್ಷ್ಮದರ್ಶಿಗಳಾಗುತ್ತೇವೆ. ನೀರನ್ನು ಹೇಗೆ ಸೋಸಬೇಕು, ಯಾವ ಗೆಡ್ಡೆ ವರ್ಜ್ಯ, ಸಂಜೆಯ ಊಟವನ್ನು ಯಾವ ಗಳಿಗೆಯೊಳಗೆ ಮುಗಿಸಬೇಕು ಎಂಬುದನ್ನೆಲ್ಲ ಮನೆಯ ಮಕ್ಕಳೂ ಬಲ್ಲರು. ಪರಿಗ್ರಹದ ವಿಷಯ ಬಂದಾಗ ಮಾತ್ರ, ಆಸೆಗೆ ಮಿತಿಯಿರಲಿ ಎಂಬ ಒಂದು ಸಾಮಾನ್ಯ ಉಪದೇಶದಲ್ಲಿ ವಿಚಾರವು ಮುಗಿದುಹೋಗುತ್ತದೆ. ನಮ್ಮ ಸಮಾಜದ ಬಹುಭಾಗವು ವ್ಯಾಪಾರ, ಕೃಷಿ, ಲೇವಾದೇವಿಗಳಿಂದಲೇ ಜೀವಿಸಿ ಬಂದಿರುವಾಗ, ನಮ್ಮ ನಿತ್ಯದ ವೃತ್ತಿಗೆ ಅತಿ ಸಮೀಪವಾದ ವ್ರತವೇ ಅತಿ ಅಸ್ಪಷ್ಟವಾಗಿ ಉಳಿದಿರುವುದು ವಿಚಿತ್ರ. ಆ ವ್ರತದ ಒಂದೇ ಒಂದು ಅತಿಚಾರವನ್ನು, ಅದೂ ಇಂದು ಬಹುತೇಕ ಮರೆತುಹೋಗಿರುವುದನ್ನು, ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಈ ವ್ರತದ ಅತಿಚಾರಗಳನ್ನು ವಸ್ತುಗಳ ಲೆಕ್ಕದಲ್ಲಿ ಹೇಳುತ್ತಾರೆ. ಹೊಲ ಮನೆಗಳು, ಬೆಳ್ಳಿ ಬಂಗಾರ, ದನ ಧಾನ್ಯ, ದಾಸದಾಸಿಯರು, ಬಟ್ಟೆ ಪಾತ್ರೆ ಮುಂತಾದುವು; ಇವುಗಳಿಗೆ ತಾನೇ ಗೊತ್ತುಮಾಡಿಕೊಂಡ ಪ್ರಮಾಣವನ್ನು ಮೀರುವುದು ದೋಷ. ಇದು ನಮಗೆಲ್ಲ ಪರಿಚಿತವಾದ ಪಟ್ಟಿ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯಾದರೋ ಪಟ್ಟಿ ಬೇರೆಯೇ ಆಗಿದೆ. ಆ ಗ್ರಂಥವು ನೂರೈವತ್ತು ಶ್ಲೋಕಗಳ ಸಣ್ಣ ಪುಸ್ತಕ. ಸ್ವಾಧ್ಯಾಯದ ಮನೆಗಳಲ್ಲಿ ಅದಿಲ್ಲದಿರುವುದು ಅಪರೂಪ. ನನ್ನ ಪ್ರತಿಯನ್ನು ಕಾಲೇಜಿನ ದಿನಗಳಲ್ಲಿ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯಿಂದ ಕೊಂಡದ್ದು. ಬಿ.ಕಾಂ. ಪರೀಕ್ಷೆಯ ಲೆಕ್ಕಶಾಸ್ತ್ರದ ಪುಸ್ತಕವನ್ನೂ ಅದೇ ಚೀಲದಲ್ಲಿ ತಂದಿದ್ದೆ. ಎರಡೂ ಪುಸ್ತಕಗಳು ಒಂದೇ ವಿಷಯವನ್ನು ಹೇಳುತ್ತಿವೆಯೆಂದು ತಿಳಿಯಲು ಬಹಳ ವರ್ಷಗಳು ಬೇಕಾದವು.

ಸಮಂತಭದ್ರರು ಈ ವ್ರತಕ್ಕೆ ಇಚ್ಛಾಪರಿಮಾಣ ಎಂಬ ಇನ್ನೊಂದು ಹೆಸರನ್ನೂ ಕೊಡುತ್ತಾರೆ. ಅವರು ಎಣಿಸುವ ಐದು ದೋಷಗಳು ಇವು: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಇಲ್ಲಿ ಹೊಲವೂ ಇಲ್ಲ, ಬಂಗಾರವೂ ಇಲ್ಲ. ಇರುವುದು ವ್ಯಾಪಾರಿಯ ದಿನಚರಿ. ಎತ್ತುಗಳನ್ನು ಅವುಗಳ ಶಕ್ತಿ ಮೀರಿ ದೂರ ನಡೆಸುವುದು, ಬೆಲೆ ಏರಲೆಂದು ಧಾನ್ಯವನ್ನು ಕೂಡಿಡುವುದು, ಒಳ್ಳೆಯ ಲಾಭ ಬಂದ ಮೇಲೂ ಇನ್ನಷ್ಟಕ್ಕೆ ಬಾಯಿಬಿಡುವುದು, ಹೇರಿನ ಮೇಲೆ ಹೇರು ಹೊರಿಸುವುದು. ಆಸೆಯ ಮಿತಿಯನ್ನು ಎತ್ತಿನ ಬೆನ್ನಿನ ಮೇಲೆ ಅಳೆದ ಈ ದೃಷ್ಟಿಯು ನನ್ನನ್ನು ಪ್ರತಿ ಸಲವೂ ಬೆರಗುಗೊಳಿಸುತ್ತದೆ. ಒಬ್ಬನ ಲೋಭವು ಅವನ ಮನಸ್ಸಿನಲ್ಲಿ ಅಡಗಿರಬಹುದು. ಅವನ ಎತ್ತಿನ ಹೆಗಲ ಹುಣ್ಣಿನಲ್ಲಿ ಅದು ಎಲ್ಲರಿಗೂ ಕಾಣುತ್ತದೆ.

ಕರ್ನಾಟಕದ ಆರ್ಥಿಕ ಇತಿಹಾಸವನ್ನು ಬಲ್ಲವರಿಗೆ ಈ ಪಟ್ಟಿಯ ಹಿನ್ನೆಲೆ ಸುಲಭವಾಗಿ ಹೊಳೆಯುತ್ತದೆ. ಅಯ್ಯಾವೊಳೆಯ ಐನೂರ್ವರೇ ಮೊದಲಾದ ವರ್ತಕ ಸಂಘಗಳು ಮೆಣಸು, ಅಡಕೆ, ಬಟ್ಟೆಗಳನ್ನು ಎತ್ತು ಕತ್ತೆಗಳ ಮೇಲೆ ಹೇರಿಕೊಂಡು ದೇಶ ದೇಶಗಳನ್ನು ಸುತ್ತುತ್ತಿದ್ದವು. ದೇವಾಲಯ ಬಸದಿಗಳಿಗೆ ಅವರು ತಮ್ಮ ಮೇಲೆ ತಾವೇ ವಿಧಿಸಿಕೊಂಡ ಕಾಣಿಕೆಗಳನ್ನು ಶಾಸನಗಳು ಹೇರಿಗೆ ಇಷ್ಟು ಎಂಬ ಲೆಕ್ಕದಲ್ಲಿಯೇ ದಾಖಲಿಸುತ್ತವೆ. ನಮ್ಮ ಆಚಾರ್ಯರು ಲಾಭದ ಶತ್ರುಗಳಾಗಿರಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ರಚಿಸಿದ ಗಣಿತಸಾರಸಂಗ್ರಹದಲ್ಲಿ ಬಡ್ಡಿಯ ಲೆಕ್ಕ, ಬಂಗಾರದ ಬಣ್ಣದ ಲೆಕ್ಕ, ಪಾಲುದಾರರು ತಮ್ಮ ಬಂಡವಾಳಕ್ಕೆ ತಕ್ಕಂತೆ ಲಾಭ ಹಂಚಿಕೊಳ್ಳುವ ಲೆಕ್ಕಗಳು ತುಂಬಿವೆ. 1912ರಲ್ಲಿ ಮದರಾಸಿನಿಂದ ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಅದು ಅಚ್ಚಾಯಿತು. ಹನ್ನೆರಡನೆಯ ಶತಮಾನದ ಜೈನ ಕವಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದನು. ಲಾಭವನ್ನು ಪಾಪವೆಂದು ತಿಳಿದ ಪರಂಪರೆಯು ಲಾಭದ ಲೆಕ್ಕವನ್ನು ಇಷ್ಟು ಶ್ರದ್ಧೆಯಿಂದ ಕಲಿಸುತ್ತಿರಲಿಲ್ಲ.

ಅತಿಸಂಗ್ರಹದ ಭೀಕರ ಮುಖವನ್ನು ನಮ್ಮ ನಾಡು ಧಾತು ಸಂವತ್ಸರದ ಬರದಲ್ಲಿ ಕಂಡಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಬಂದ ರೈಲು ಹಾದಿಯೊಂದೇ ಆಗ ಸಂಸ್ಥಾನಕ್ಕಿದ್ದ ರೈಲು. ಮದರಾಸಿನ ಕಡೆಯ ಧಾನ್ಯವು ನಮ್ಮ ಬೈಯಪ್ಪನಹಳ್ಳಿಯ ಹಳಿಗಳ ಮೇಲೆಯೇ ದಂಡಿಗೆ ಬರುತ್ತಿತ್ತು. ಆದರೆ ದಂಡಿನಿಂದ ಹಳ್ಳಿಗಳಿಗೆ ಸಾಗಿಸಲು ಎತ್ತುಗಳೇ ಉಳಿದಿರಲಿಲ್ಲ; ಮೇವಿಲ್ಲದೆ ಅವು ಮೊದಲೇ ಸತ್ತಿದ್ದವು. ಧಾನ್ಯ ಒಂದು ಕಡೆ, ಹಸಿವು ಇನ್ನೊಂದು ಕಡೆ. ಸಂಗ್ರಹವನ್ನೂ ಎತ್ತನ್ನೂ ಆಚಾರ್ಯರು ಒಂದೇ ಶ್ಲೋಕದಲ್ಲಿಟ್ಟದ್ದು ಏಕೆಂಬುದು ಇಂಥ ಇತಿಹಾಸವನ್ನು ಓದುವಾಗ ಅರ್ಥವಾಗುತ್ತದೆ.

ಈ ನಾಲ್ಕು ದೋಷಗಳನ್ನು ವಿವರಿಸುವುದು ಕಷ್ಟವಲ್ಲ. ಎತ್ತಿನ ಬದಲು ಇಂದು ಹಳೆ ಮದರಾಸು ರಸ್ತೆಯಲ್ಲಿ ಬೆನ್ನಿಗೆ ದೊಡ್ಡ ಪೆಟ್ಟಿಗೆ ಕಟ್ಟಿಕೊಂಡು, ನಿಮಿಷಗಳನ್ನು ಎಣಿಸುತ್ತ ಬೈಕು ಓಡಿಸುವ ಹುಡುಗನನ್ನು ನಿಲ್ಲಿಸಿಕೊಂಡರೆ ಅತಿವಾಹನ, ಅತಿಭಾರವಹನಗಳ ಅರ್ಥ ತಾನಾಗಿ ತಿಳಿಯುತ್ತದೆ. ಕಷ್ಟವಾಗುವುದು ಮೂರನೆಯದು. ವಿಸ್ಮಯವೆಂದರೆ ಬೆರಗು. ಬೆರಗುಪಡುವುದು ಯಾವ ದೋಷ? ಮೋಡವನ್ನು ನೋಡಿ ಬೆರಗುಪಡುವವನು ಯಾವ ವ್ರತವನ್ನು ಮುರಿದಾನು?

ಸಂಸ್ಕೃತ ಟೀಕೆಯಲ್ಲಿ ಪ್ರಭಾಚಂದ್ರರು ಇದಕ್ಕೆ ಕೊಡುವ ವಿವರಣೆಯು ಪೇಟೆಯಲ್ಲಿ ಕುಳಿತು ಬರೆದಂತಿದೆ. ಅವರು ಇದನ್ನು ಅತಿವಿಸ್ಮಯವೆಂದು ಬಿಡಿಸುತ್ತಾರೆ. ಅದರ ಭಾವ ಹೀಗಿದೆ: ವ್ಯಾಪಾರಿಯೊಬ್ಬನು ತನಗೆ ಒಪ್ಪಿಗೆಯಾದ ಲಾಭಕ್ಕೆ ಸರಕನ್ನು ಮಾರುತ್ತಾನೆ, ಅಥವಾ ಆ ಸರಕನ್ನು ಮೊದಲಿಗೆ ಕೊಂಡೇ ಇರುವುದಿಲ್ಲ. ಅನಂತರ ಅದೇ ಸರಕಿನಿಂದ ಹೆಚ್ಚು ಹಣ ಹುಟ್ಟಿದಾಗ ಲೋಭದ ಆವೇಶದಿಂದ ಬೆರಗುಗೊಂಡು ವಿಷಾದಪಡುತ್ತಾನೆ. ಇದೇ ಅತಿವಿಸ್ಮಯ.

ಇದರ ಸೂಕ್ಷ್ಮವನ್ನು ವಾಚಕರು ಗಮನಿಸಬೇಕು. ಇಲ್ಲಿ ನಷ್ಟವಾಗಿಲ್ಲ. ಮೋಸವೂ ನಡೆದಿಲ್ಲ. ಬಯಸಿದ ಲಾಭ ಕೈಗೆ ಬಂದಿದೆ. ಆದರೂ ದುಃಖ. ಲೋಭವೆಂದರೆ ಕೈಯಲ್ಲಿರುವುದರಿಂದ ಇನ್ನಷ್ಟನ್ನು ಬಯಸುವುದು; ಅದನ್ನು ಆಚಾರ್ಯರು ಬೇರೆಯಾಗಿಯೇ ಎಣಿಸಿದ್ದಾರೆ. ಅತಿವಿಸ್ಮಯವು ಕೈಬಿಟ್ಟುಹೋದುದರ ಮೇಲಿನ ಬಯಕೆ.

ನಾನು ವಾಸವಾಗಿರುವ ಬೈಯಪ್ಪನಹಳ್ಳಿಯ ಸುತ್ತಮುತ್ತ ಈ ದುಃಖವನ್ನು ನೋಡಲು ದೂರ ಹೋಗಬೇಕಾಗಿಲ್ಲ. ಎನ್.ಜಿ.ಇ.ಎಫ್. ಕಾರ್ಖಾನೆಯು ಟ್ರಾನ್ಸ್‌ಫಾರ್ಮರು, ಮೋಟಾರುಗಳನ್ನು ಮಾಡುತ್ತಿದ್ದ ಕಾಲದಲ್ಲಿ ಈ ಪ್ರದೇಶವು ಕಾರ್ಮಿಕರ, ಸಣ್ಣ ಅಂಗಡಿಗಳ, ಗೂಡ್ಸ್ ಗಾಡಿಗಳ ಊರಾಗಿತ್ತು. ನನ್ನ ತಾಮ್ರದ ತಂತಿಯ ವ್ಯಾಪಾರವೂ ಮೋಟಾರು ರೀವೈಂಡಿಂಗ್ ಮಾಡುವ ಆ ಸಣ್ಣ ಅಂಗಡಿಗಳನ್ನು ನಂಬಿ ಬೆಳೆದದ್ದು. 2002ರಲ್ಲಿ ಕಾರ್ಖಾನೆ ಮುಚ್ಚಿದಾಗ ಇನ್ನು ಈ ಕಡೆಗೆ ಭವಿಷ್ಯವಿಲ್ಲವೆಂದು ಬಹುಮಂದಿ ಭಾವಿಸಿದರು. ಮರುವರ್ಷ ಪರಿಚಿತರೊಬ್ಬರು ರಸ್ತೆಗೆ ಸಮೀಪದಲ್ಲಿದ್ದ ತಮ್ಮ ಸೈಟನ್ನು ಮಾರಿದರು. ಮಗಳ ಮದುವೆಯಾಯಿತು, ತಾಯಿಯ ಚಿಕಿತ್ಸೆಯಾಯಿತು, ಉಳಿದ ಹಣದಲ್ಲಿ ಇದ್ದ ಮನೆಗೆ ಮೇಲಂತಸ್ತು ಬಂದಿತು. ಕೇಳಿದ ಬೆಲೆಯೇ ಸಿಕ್ಕಿತ್ತು. ಹಲವು ವರ್ಷ ಅವರು ಆ ವಿಷಯವನ್ನು ಎತ್ತಿದ್ದೇ ಇಲ್ಲ.

2006ರಲ್ಲಿ ಮೆಟ್ರೋಗೆ ಶಂಕುಸ್ಥಾಪನೆಯಾಯಿತು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಗೆ ಮೊದಲ ಗಾಡಿ ಓಡಿತು. 2022ರಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ದೊಡ್ಡ ರೈಲು ನಿಲ್ದಾಣ ತೆರೆಯಿತು. 2023ರಲ್ಲಿ ಮೆಟ್ರೋ ಹಾದಿಯು ವೈಟ್‌ಫೀಲ್ಡ್‌ವರೆಗೆ ಕೂಡಿಕೊಂಡಿತು. ಒಂದೊಂದು ಸಮಾರಂಭವೂ ಆ ಹಿರಿಯರಿಗೆ ಒಂದೊಂದು ಸೂತಕವಾಯಿತು. "ನೋಡಿ ಶೆಟ್ಟರೇ, ನಾನು ಮಾರಿದ್ದು ಸೈಟನ್ನಲ್ಲ, ಮಕ್ಕಳ ಭಾಗ್ಯವನ್ನು" ಎಂದು ಒಮ್ಮೆ ನನ್ನ ಅಂಗಡಿಯಲ್ಲಿ ಕುಳಿತು ಹೇಳಿದರು. ಮಕ್ಕಳು ಚೆನ್ನಾಗಿಯೇ ಇದ್ದಾರೆ. ಆದರೂ ಚದರಡಿಯ ಇಂದಿನ ದರವನ್ನು ಯಾರಾದರೂ ಹೇಳಿದೊಡನೆ ಅವರ ಮುಖ ಬಾಡುತ್ತದೆ. ಆ ಸೈಟಿನ ಮುಂದೆ ಹಾದುಹೋಗುವುದನ್ನು ತಪ್ಪಿಸಲು ಸುತ್ತು ಹಾದಿ ಹಿಡಿಯುತ್ತಾರೆ.

ಇವರ ಸ್ಥಿತಿಯನ್ನು ಸಿದ್ಧಾಂತದ ದೃಷ್ಟಿಯಿಂದ ನೋಡೋಣ. ಪರಿಗ್ರಹವೆಂಬುದು ವಸ್ತುವಲ್ಲ, ವಸ್ತುವಿನಲ್ಲಿ ಹುಟ್ಟುವ ಮೂರ್ಛೆ ಎಂಬುದು ಸೂತ್ರಕಾರರ ಅಭಿಪ್ರಾಯ. ಈ ಮಾತನ್ನು ಧನಿಕರು ತಮ್ಮ ಅನುಕೂಲಕ್ಕೆ ಬಳಸುವುದನ್ನು ಬಹಳ ಕೇಳಿದ್ದೇನೆ: ನನ್ನಲ್ಲಿ ವಸ್ತು ಬಹಳವಿದೆ, ಆದರೆ ಮೂರ್ಛೆಯಿಲ್ಲ, ಆದ್ದರಿಂದ ನಾನು ಅಪರಿಗ್ರಹಿ ಎಂಬ ವಾದ. ಇದರ ಎದುರು ಮಗ್ಗುಲನ್ನು ಯಾರೂ ಹೇಳುವುದಿಲ್ಲ. ವಸ್ತುವಿದ್ದೂ ಮೂರ್ಛೆಯಿಲ್ಲದಿರುವುದು ಸಾಧ್ಯವಾದರೆ, ವಸ್ತುವಿಲ್ಲದೆಯೂ ಮೂರ್ಛೆ ಇರುವುದು ಸಾಧ್ಯವಾಗಬೇಕು. ನಮ್ಮ ಹಿರಿಯರ ಸೈಟಿಗೆ ಕ್ರಯಪತ್ರವಾಗಿದೆ, ಖಾತೆ ಬೇರೆಯವರದು, ಕಂದಾಯ ಬೇರೆಯವರು ಕಟ್ಟುತ್ತಾರೆ, ಮೇಲೆ ಬೇರೆಯವರ ಕಟ್ಟಡವಿದೆ. ಮೂರ್ಛೆ ಮಾತ್ರ ಇವರ ಹೆಸರಿನಲ್ಲಿಯೇ ಇದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅದು ವರ್ಗವಾಗಿಲ್ಲ. ಅನುಭೋಗಕ್ಕೆ ಬಾರದ, ದಾನಕ್ಕೂ ಬಾರದ, ಕೇವಲ ಹೊರೆಯಾಗಿ ಉಳಿದ ಪರಿಗ್ರಹ ಇದು. ಅತಿಭಾರವಹನವನ್ನು ಎತ್ತಿಗೆ ಮಾಡುವುದೂ ಉಂಟು, ತನಗೇ ಮಾಡಿಕೊಳ್ಳುವುದೂ ಉಂಟು ಎಂದು ಆಗ ನನಗನಿಸುತ್ತದೆ.

ಲೆಕ್ಕಶಾಸ್ತ್ರವೂ ಇದನ್ನೇ ಬೇರೆ ಭಾಷೆಯಲ್ಲಿ ಹೇಳುತ್ತದೆ. ಬಿ.ಕಾಂ.ನ ಮೊದಲ ವರ್ಷದಲ್ಲಿಯೇ ಕಲಿಸುವ ಒಂದು ನಿಯಮವಿದೆ: ಬರಬಹುದಾದ ನಷ್ಟಕ್ಕೆ ಮುಂಚಿತವಾಗಿ ಅವಕಾಶ ಮಾಡು, ಬರಬಹುದಾದ ಲಾಭವನ್ನು ಕೈಗೆ ಬರುವ ಮೊದಲು ಪುಸ್ತಕಕ್ಕೆ ತರಬೇಡ. ದಾಸ್ತಾನನ್ನು ಕೊಂಡ ಬೆಲೆ, ಪೇಟೆಯ ಬೆಲೆಗಳಲ್ಲಿ ಯಾವುದು ಕಡಿಮೆಯೋ ಅದರಲ್ಲಿಯೇ ತೋರಿಸಬೇಕೆಂಬುದು ಈ ನಿಯಮದಿಂದ ಬಂದದ್ದು. ಗೋದಾಮಿನಲ್ಲಿ ಇರುವ ಸರಕಿನ ಏರಿದ ಬೆಲೆಯನ್ನೇ ಲಾಭವೆಂದು ಬರೆಯಲು ಒಪ್ಪದ ಶಾಸ್ತ್ರವು, ಮಾರಿಹೋದ ಸರಕಿನ ಏರಿದ ಬೆಲೆಯನ್ನು ನಷ್ಟವೆಂದು ಬರೆಯಲು ಒಪ್ಪೀತೇ? ಅಂಥ ಖಾತೆಗೆ ಲೆಡ್ಜರಿನಲ್ಲಿ ಹಾಳೆಯೇ ಇಲ್ಲ. ನನ್ನದು ತಾಮ್ರದ ವ್ಯಾಪಾರ. ಲಂಡನ್ನಿನ ಲೋಹದ ಪೇಟೆಯಲ್ಲಿ ದರ ಅಲುಗಿದರೆ ಇಲ್ಲಿಯೂ ಅಲುಗುತ್ತದೆ. ನಿನ್ನೆ ಮಾರಿದ ಸುರುಳಿಗೆ ಇಂದು ಹೆಚ್ಚು ಬೆಲೆ ಬರುವುದು, ತಿಂಗಳಿಗೆ ನಾಲ್ಕಾರು ಸಲ ನಡೆಯುವ ಸಂಗತಿ. ಅದಕ್ಕೆಲ್ಲ ದುಃಖಿಸುವವನು ಅಂಗಡಿಯ ಬಾಗಿಲು ತೆರೆಯುವಂತಿಲ್ಲ. ನಿತ್ಯ ಮಾರುವವನಿಗೆ ಈ ಅಭ್ಯಾಸವು ವೃತ್ತಿಯಿಂದಲೇ ಬರುತ್ತದೆ. ಜೀವನದಲ್ಲಿ ಒಂದು ಸಲ, ಎರಡು ಸಲ ಮಾರುವ ಗೃಹಸ್ಥನಿಗೆ ಅದು ಬರುವುದಿಲ್ಲ. ಅವನಿಗೇ ವ್ರತ ಹೆಚ್ಚು ಅಗತ್ಯ. ಅರ್ಥಶಾಸ್ತ್ರದವರು ಅವಕಾಶ ವೆಚ್ಚವೆಂಬ ಒಂದು ಲೆಕ್ಕವನ್ನು ಹೇಳುತ್ತಾರಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಒಂದನ್ನು ಆರಿಸುವಾಗ ಬಿಟ್ಟುಕೊಟ್ಟ ಇನ್ನೊಂದರ ಬೆಲೆಯನ್ನು ತೂಗಬೇಕು. ಆದರೆ ಅದು ಆರಿಸುವುದಕ್ಕೆ ಮೊದಲು ತೂಗುವ ತಕ್ಕಡಿ. ಆರಿಸಿದ ಮೇಲೆ ಎಂಟು ವರ್ಷಕ್ಕೆ ಆ ತಕ್ಕಡಿಯನ್ನು ಹಿಡಿದು ಕುಳಿತರೆ ತೂಗುವುದಕ್ಕೆ ಏನೂ ಇರುವುದಿಲ್ಲ.

ಪಾಶ್ಚಾತ್ಯ ಮನಶ್ಶಾಸ್ತ್ರಜ್ಞರು ಈ ದುಃಖವನ್ನು ಪರೀಕ್ಷೆಗೆ ಒಡ್ಡಿದ್ದಾರೆ. ಡೇನಿಯಲ್ ಕಾನೆಮನ್, ಏಮಸ್ ಟ್ವರ್ಸ್ಕಿ ಎಂಬಿಬ್ಬರು 1982ರಲ್ಲಿ ಒಂದು ಪ್ರಶ್ನೆಯನ್ನು ಜನರ ಮುಂದಿಟ್ಟರು. ಒಬ್ಬನು ತನ್ನ ಷೇರುಗಳನ್ನು ಬದಲಾಯಿಸಬೇಕೆಂದು ಯೋಚಿಸಿ ಬದಲಾಯಿಸಲಿಲ್ಲ. ಇನ್ನೊಬ್ಬನು ಒಳ್ಳೆಯ ಷೇರನ್ನು ಮಾರಿ ಬೇರೆಯದನ್ನು ಕೊಂಡ. ಇಬ್ಬರಿಗೂ ಕೈತಪ್ಪಿದ ಹಣ ಒಂದೇ. ಯಾರ ದುಃಖ ಹೆಚ್ಚು? ಮಾರಿದವನದೇ ಎಂದು ಬಹುಪಾಲು ಜನ ಉತ್ತರಿಸಿದರು. ಹಣದ ಲೆಕ್ಕಕ್ಕೂ ದುಃಖದ ಲೆಕ್ಕಕ್ಕೂ ತಾಳೆಯಿಲ್ಲವೆಂಬುದು ಹೀಗೆ ಸ್ಪಷ್ಟವಾಯಿತು. ನಮ್ಮ ಟೀಕಾಕಾರರು ಕೊಂಡೇ ಇಲ್ಲದವನನ್ನೂ ಮಾರಿದವನನ್ನೂ ಒಟ್ಟಿಗೆ ಹೆಸರಿಸಿರುವುದನ್ನು ನೆನೆದರೆ, ಅವರು ಈ ವಿಷಯವನ್ನು ಎಷ್ಟು ಹತ್ತಿರದಿಂದ ಕಂಡಿದ್ದರೆಂಬುದು ತಿಳಿಯುತ್ತದೆ. ವ್ಯತ್ಯಾಸವಿಷ್ಟೆ: ಅವರು ಇದನ್ನು ಮನಸ್ಸಿನ ಸ್ವಭಾವವೆಂದು ಬಿಟ್ಟುಬಿಡಲಿಲ್ಲ, ಆಚರಣೆಯ ದೋಷವೆಂದು ಕರೆದರು. ದೋಷವಾದರೆ ತಿದ್ದಿಕೊಳ್ಳಲು ಸಾಧ್ಯವುಂಟು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಲೇಬೇಕು. ಟೀಕೆಯಲ್ಲಿರುವ ವಿವರ ಒಪ್ಪಿಗೆಯಾದ ಲಾಭಕ್ಕೆ ಮಾರಿದವನದು. ಒಪ್ಪಿಗೆಯೇ ಇಲ್ಲದೆ ಕೈಬಿಟ್ಟವನಿಗೆ ಈ ಮಾತು ಅನ್ವಯಿಸುವುದಿಲ್ಲ. ಬೆಂಗಳೂರಿನ ಪೂರ್ವದ ಹಳ್ಳಿಗಳಲ್ಲಿ ಹೊಲಗಳು ಕಾರ್ಖಾನೆಗಳಿಗೆ, ಬಡಾವಣೆಗಳಿಗೆ ಸ್ವಾಧೀನವಾದದ್ದು 1894ರ ಭೂಸ್ವಾಧೀನ ಕಾಯಿದೆಯ ದಿನಗಳಲ್ಲಿ. ಆ ಕಾಯಿದೆಯು ಬದಲಾಗಿ ಹೊಸದು ಜಾರಿಗೆ ಬಂದದ್ದು 2014ರ ಜನವರಿಯಲ್ಲಿ. ನೋಟೀಸು ಬಂದು ಹೊಲ ಬಿಟ್ಟವನು, ಸಾಲಗಾರನ ಕಾಟಕ್ಕೆ ಅರ್ಧ ಬೆಲೆಗೆ ಮಾರಿದವನು, ಯೋಜನೆಯ ನಕ್ಷೆಯನ್ನು ಮೊದಲೇ ನೋಡಿದ್ದ ಕೊಳ್ಳುಗನ ಮುಂದೆ ಏನೂ ತಿಳಿಯದೆ ಹೆಬ್ಬೆಟ್ಟು ಒತ್ತಿದವನು, ಇವರ ಅಳಲು ಅತಿವಿಸ್ಮಯವಲ್ಲ. ಅದು ನ್ಯಾಯದ ಬೇಡಿಕೆ. ಅಲ್ಲಿ ಪರಿಶೀಲಿಸಬೇಕಾದದ್ದು ಕೊಂಡವನ ಸತ್ಯ ಮತ್ತು ಅಚೌರ್ಯ ವ್ರತಗಳನ್ನು, ಮಾರಿದವನ ಸಂತೋಷವನ್ನಲ್ಲ. ಅಂಥವನ ಎದುರಿಗೆ ಸಂತೃಪ್ತಿಯ ಉಪದೇಶ ಮಾಡುವುದು, ಅದೂ ಆ ಭೂಮಿಯ ಮೇಲೆಯೇ ಕಟ್ಟಿದ ಸಭಾಂಗಣದಲ್ಲಿ ನಿಂತು ಮಾಡುವುದು, ನನ್ನ ದೃಷ್ಟಿಯಲ್ಲಿ ಧರ್ಮದ ಅಪಹಾಸ್ಯ. ವ್ರತವೆಂಬುದು ತಾನು ತನಗೆ ಹಾಕಿಕೊಳ್ಳುವ ಗೆರೆ. ಬೇರೆಯವರ ಕೊರಳಿಗೆ ಅದನ್ನು ಹಗ್ಗವಾಗಿ ಹಾಕಬಾರದು.

ಹೊರಗಿನಿಂದ ಹಾಕುವ ಗೆರೆಯೂ ಬೇಕು, ಅದರ ಸ್ಥಾನ ಬೇರೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರು ಕಡೆಯ ಪಂಡಿತರೊಬ್ಬರು ಒಂದು ತಾಳೆಗರಿಯ ಪ್ರತಿಯನ್ನು ತಂದೊಪ್ಪಿಸಿದರು. 1905ರ ಸುಮಾರಿಗೆ ರುದ್ರಪಟ್ಟಣದ ಶಾಮಾಶಾಸ್ತ್ರಿಗಳು ಅದು ಕೌಟಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು, 1909ರಲ್ಲಿ ಅಚ್ಚುಹಾಕಿಸಿದರು. ಭಾರತದ ಆರ್ಥಿಕ ಇತಿಹಾಸದ ಅಧ್ಯಯನವೇ ಅದರಿಂದ ಬದಲಾಯಿತು. ಆ ಗ್ರಂಥದಲ್ಲಿ ಕೌಟಲ್ಯನು ವರ್ತಕನ ಲಾಭಕ್ಕೆ ಮಿತಿ ಹಾಕುತ್ತಾನೆ: ಸ್ವದೇಶದ ಸರಕಿಗೆ ನೂರಕ್ಕೆ ಐದು, ಪರದೇಶದ ಸರಕಿಗೆ ನೂರಕ್ಕೆ ಹತ್ತು. ಮೀರಿದವನಿಗೆ ದಂಡ. ನಮ್ಮ ಕಾಲದ 1955ರ ಅಗತ್ಯ ವಸ್ತುಗಳ ಕಾಯಿದೆಯೂ ಇದೇ ಜಾತಿಯದು. ಅತಿಸಂಗ್ರಹವನ್ನು ರಾಜನು ತಡೆಯಬಲ್ಲ; ಗೋದಾಮಿಗೆ ಬೀಗಮುದ್ರೆ ಹಾಕಬಹುದು. ಅತಿಭಾರವನ್ನೂ ತಡೆಯಬಲ್ಲ, ಲಾರಿಯನ್ನು ತೂಗಬಹುದು. ಅತಿವಿಸ್ಮಯಕ್ಕೆ ಮಾತ್ರ ಯಾವ ಇನ್‌ಸ್ಪೆಕ್ಟರನೂ ಇಲ್ಲ. ಅಂದಹಾಗೆ, ತಾನು ಒಪ್ಪಿಸಿದ ಓಲೆಯ ಕಟ್ಟು ಲೋಕಪ್ರಸಿದ್ಧವಾದದ್ದಕ್ಕೆ ಆ ಪಂಡಿತರು ಮರುಗಬೇಕಾದ ಕಾರಣವೇ ಇಲ್ಲ. ಶಾಸ್ತ್ರದಾನದ ವಿಶೇಷ ಅದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ನಾವು ಕೊಂಡಾಡುವ ಅತ್ತಿಮಬ್ಬೆಯನ್ನು ನೆನೆಯಿರಿ. ಕೊಟ್ಟ ಪುಸ್ತಕವು ಹೆಚ್ಚು ಬೆಲೆಯುಳ್ಳದ್ದಾದಷ್ಟೂ ಕೊಟ್ಟವರ ಸಂತೋಷ ಹೆಚ್ಚುತ್ತದೆ. ಮಾರಿದ ಸೈಟಿನಲ್ಲಿ ಇದು ತಲೆಕೆಳಗಾಗುವುದೇಕೆಂಬುದು ಯೋಚಿಸತಕ್ಕ ವಿಷಯ.

ಹಾಗಾದರೆ ಕೊಂಡವನ ಏಳಿಗೆಯನ್ನು ಕಂಡು ಆನಂದಿಸಬೇಕೇ? ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯಗಳೆಂಬ ನಾಲ್ಕು ಭಾವನೆಗಳಲ್ಲಿ ಪ್ರಮೋದವನ್ನು ಇದಕ್ಕೆ ಹೇಳುವವರುಂಟು. ನಾನು ಒಪ್ಪುವುದಿಲ್ಲ. ತತ್ತ್ವಾರ್ಥಸೂತ್ರವು ಪ್ರಮೋದವನ್ನು ಹೇಳಿರುವುದು ಗುಣದಲ್ಲಿ ಹೆಚ್ಚಿನವರ ವಿಷಯದಲ್ಲಿ. ಚದರಡಿಯಲ್ಲಿ ಹೆಚ್ಚಿನವರ ವಿಷಯದಲ್ಲಲ್ಲ. ಪತಂಜಲಿಯೂ ಮುದಿತೆಯನ್ನು ಪುಣ್ಯವಂತರಿಗೆ ಮೀಸಲಿಟ್ಟು, ಸುಖಿಗಳಲ್ಲಿ ಮೈತ್ರಿ ಸಾಕೆನ್ನುತ್ತಾನೆ. ಇದು ಬಹಳ ವ್ಯವಹಾರಜ್ಞಾನವುಳ್ಳ ಮಾತು. ಕೊಂಡವನ ಲಾಭಕ್ಕೆ ನಾವು ಹಬ್ಬ ಮಾಡಬೇಕಾಗಿಲ್ಲ. ಎದುರಿಗೆ ಸಿಕ್ಕಾಗ ನೆರೆಯವನೆಂದು ಮಾತನಾಡಿಸಿದರೆ ಸಾಕು. ಅಸಾಧ್ಯವಾದ ಉದಾರತೆಯನ್ನು ಬೇಡಿ, ಅದು ಬಾರದಾಗ ಇನ್ನೊಂದು ದುಃಖವನ್ನು ಸೇರಿಸಿಕೊಳ್ಳುವುದು ಬೇಡ.

ಮಿತಿಯನ್ನು ಯಾವಾಗ ಗೊತ್ತುಮಾಡಬೇಕೆಂಬುದರ ಮೇಲೆ ಎಲ್ಲವೂ ನಿಂತಿದೆ. ಕಲ್ಯಾಣದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಪ್ರಸಂಗವು ಕನ್ನಡಿಗರೆಲ್ಲರಿಗೂ ಗೊತ್ತು. ಗಂಡನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ದಿನ, ಹೆಚ್ಚಾದುದನ್ನು ಹಿಂದಿರುಗಿಸಿ ಬರಲು ಹೆಂಡತಿ ಹೇಳಿದಳು. ಅವಳಿಗೆ ಎಷ್ಟು ಹೆಚ್ಚೆಂದು ತಕ್ಷಣ ಹೇಳಲು ಸಾಧ್ಯವಾದದ್ದು, ಎಷ್ಟು ಸಾಕೆಂಬುದು ಮೊದಲೇ ಗೊತ್ತಿದ್ದುದರಿಂದ. ಲಾಭ ಬಂದ ಮೇಲೆ ಸಾಕೆಷ್ಟು ಎಂದು ಯೋಚಿಸತೊಡಗಿದರೆ ಉತ್ತರವು ಬಂದ ಲಾಭಕ್ಕಿಂತ ಸದಾ ಒಂದು ಗೇಣು ಮೇಲಿರುತ್ತದೆ. ಮಾರುವ ದಿನವೇ ಈ ಹಣ ಯಾವುದಕ್ಕೆ, ಅದು ನೆರವೇರಿದರೆ ಈ ವ್ಯವಹಾರ ಮುಗಿಯಿತು ಎಂದು ಮನೆಯವರ ಮುಂದೆ ಹೇಳಿಕೊಂಡು ಬರೆದಿಡುವ ಕುಟುಂಬಗಳನ್ನು ನಾನು ಬಲ್ಲೆ. ಅಂಥ ಮನೆಗಳಲ್ಲಿ ಅಣ್ಣತಮ್ಮಂದಿರ ಜಗಳಗಳೂ ಕಡಿಮೆ.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಒಂದು ಮಾತಿದೆ. 1955ರ ಇನಾಮು ರದ್ದಿಯಾತಿ ಕಾಯಿದೆ, 1974ರಲ್ಲಿ ಜಾರಿಗೆ ಬಂದ ಭೂಸು‌ಧಾರಣೆಗಳಿಂದ ಭೂಮಿ ಕಳೆದುಕೊಂಡ ಬಸದಿಗಳು, ಜೀರ್ಣೋದ್ಧಾರಕ್ಕಾಗಿ ಉಳಿದ ತುಂಡುಗಳನ್ನೂ ಮಾರಿದ್ದುಂಟು. ಇಂದು ವಾರ್ಷಿಕ ಸಭೆಗಳಲ್ಲಿ, ಅಂದಿನ ಧರ್ಮದರ್ಶಿಗಳು ಕೋಟಿ ಬೆಲೆಯ ಜಾಗವನ್ನು ಲಕ್ಷಕ್ಕೆ ಕೊಟ್ಟರೆಂದು ಗತಿಸಿದವರನ್ನು ನಿಂದಿಸುವುದು ಪದ್ಧತಿಯಾಗಿದೆ. ದೇವದ್ರವ್ಯವು ಯಾರೊಬ್ಬರ ಪರಿಗ್ರಹವೂ ಅಲ್ಲವಾದ್ದರಿಂದ, ಅದರ ಬೆಲೆಯನ್ನು ಕಟ್ಟುನಿಟ್ಟಾಗಿ ವಿಚಾರಿಸುವುದು ಲೋಭವಲ್ಲ, ಕರ್ತವ್ಯ. ಆದರೆ ವಿಚಾರಣೆಯ ಪ್ರಶ್ನೆ ಸರಿಯಾಗಿರಬೇಕು. ಅಂದು ಊರಿನಲ್ಲಿ ಪ್ರಕಟಣೆ ಕೊಟ್ಟಿದ್ದರೇ? ಬಹಿರಂಗ ಹರಾಜು ನಡೆಯಿತೇ? ಕೊಂಡವರು ಧರ್ಮದರ್ಶಿಗಳ ಬಂಧುಗಳೇ? ಹಣವು ಜೀರ್ಣೋದ್ಧಾರಕ್ಕೆ ಸಂದಿತೇ? ಇವಕ್ಕೆ ತೃಪ್ತಿಕರ ಉತ್ತರವಿದ್ದರೆ, ಇಂದಿನ ದರವನ್ನು ಹಿಡಿದು ಅಂದಿನವರನ್ನು ಅಳೆಯುವುದು ಸಂಸ್ಥೆಯ ಹೆಸರಿನಲ್ಲಿ ಮಾಡುವ ಅತಿವಿಸ್ಮಯವೇ ಸರಿ. ಉತ್ತರವಿಲ್ಲದಿದ್ದರೆ, ದರ ಏರದಿದ್ದರೂ ಅದು ತಪ್ಪೇ.

ಕೊನೆಯದಾಗಿ, ವ್ರತ ತೆಗೆದುಕೊಳ್ಳುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ. ಮೂವತ್ತು ವರ್ಷದ ಹಿಂದೆ ಒಂದು ಮನೆ, ಒಂದು ಸೈಟು ಎಂದು ಪ್ರಮಾಣ ಮಾಡಿಕೊಂಡವರ ಆಸ್ತಿಯ ಬೆಲೆ ಇಂದು ನೂರು ಪಟ್ಟಾಗಿದ್ದರೆ ವ್ರತಭಂಗವಾಯಿತೇ? ಆಗಲಿಲ್ಲವೆಂಬುದು ನನ್ನ ಅಭಿಪ್ರಾಯ. ಸೂತ್ರದ ಪಟ್ಟಿಯಲ್ಲಿರುವುದು ಹೊಲ, ಮನೆ, ಧಾನ್ಯ, ಪಾತ್ರೆ, ಅವುಗಳ ಬೆಲೆಯಲ್ಲ. ವಸ್ತುವನ್ನು ಎಣಿಸುವವನಿಗೆ ಬೆಲೆಯ ಏರಿಳಿತವು ಹೊರಗಿನ ಹವಾಮಾನದಂತೆ. ತನ್ನಲ್ಲಿರುವುದರ ಬೆಲೆ ಏರಿದ್ದಕ್ಕೆ ಉಬ್ಬದವನು, ಮಾರಿದುದರ ಬೆಲೆ ಏರಿದ್ದಕ್ಕೆ ಕುಗ್ಗಲು ಕಾರಣವೂ ಕಡಿಮೆ. ನಗದು ಮತ್ತು ಠೇವಣಿಗಳಿಗೆ ಮಾತ್ರ ಬೇರೆ ಅಳತೆ ಬೇಕು. ರೂಪಾಯಿಯ ಅಂಕಿಯಲ್ಲಿ ಮಿತಿ ಹಾಕಿದರೆ ಹಣದುಬ್ಬರವು ಅದನ್ನು ತಿಂದುಹಾಕುತ್ತದೆ. ಮನೆಯ ಇಷ್ಟು ವರ್ಷಗಳ ಖರ್ಚು ಎಂದು ಮಿತಿಯಿಡುವುದು ನಾನು ಅನುಸರಿಸುವ ರೀತಿ. ಇನ್ನು ಷೇರುಗಳು. 1993ರಲ್ಲಿ ಇನ್ಫೋಸಿಸ್ ಷೇರನ್ನು 95 ರೂಪಾಯಿಗೆ ಕೊಡಮಾಡಿದಾಗ ಪೂರ್ತಿ ಅರ್ಜಿಗಳೇ ಬಂದಿರಲಿಲ್ಲ. ಅಂದು ಕೊಂಡವರ ಷೇರುಗಳು ಬೋನಸ್ಸಿನಿಂದ ಹಲವು ಬಾರಿ ಮರಿ ಹಾಕಿವೆ. ಸಂಖ್ಯೆ ಹೆಚ್ಚಿತು, ಆದ್ದರಿಂದ ಪ್ರಮಾಣ ಮೀರಿತು ಎಂದು ಕೆಲವರು. ಬೋನಸ್ ಷೇರು ಬಂದಾಗ ಕಂಪನಿಯಲ್ಲಿ ನಮ್ಮ ಪಾಲಿನ ಅನುಪಾತವು ಹೆಚ್ಚುವುದಿಲ್ಲ, ಅದೇ ರೊಟ್ಟಿಯನ್ನು ಹೆಚ್ಚು ತುಂಡು ಮಾಡಿದಂತೆ. ಆದುದರಿಂದ ಅದನ್ನು ಹೊಸ ವಸ್ತುವಾಗಿ ಎಣಿಸಬೇಕಾಗಿಲ್ಲ, ಹಣ ಕೊಟ್ಟು ಕೊಂಡ ಷೇರನ್ನು ಮಾತ್ರ ಎಣಿಸಬೇಕು ಎಂಬುದು ನನ್ನ ಮತ. ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಳ್ಳವರು ಆಧಾರಸಹಿತವಾಗಿ ಈ ಪತ್ರಿಕೆಯಲ್ಲಿಯೇ ಬರೆದರೆ, ಬರುವ ಚಾತುರ್ಮಾಸದ ಸ್ವಾಧ್ಯಾಯಕ್ಕೆ ಉಪಕಾರವಾಗುತ್ತದೆ.